ಫಸ್ಟ್ ಪಿಯು ಕೆಮಿಸ್ಟ್ರಿ: ಮೋಲ್ ಲೆಕ್ಕ ತಪ್ಪುವುದೆಲ್ಲಿ?

ಕಾಲೇಜು ಶುರುವಾಗಿ ತಿಂಗಳಾಗುವಷ್ಟರಲ್ಲಿ ಬರುವ ಪ್ರಶ್ನೆಗಳು ಹೆಚ್ಚೂಕಮ್ಮಿ ಒಂದೇ ಥರ ಇರುತ್ತವೆ. ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಮಕ್ಕಳು ಎಡವುವುದು ಪ್ರತಿ ವರ್ಷ ಅದೇ ಜಾಗದಲ್ಲಿ. ಅದಕ್ಕೇ ಈ ಸಲ ಒಂದು ಪ್ರಶ್ನೆಗೆ ಜಾಸ್ತಿ ಜಾಗ ಕೊಡುತ್ತೇನೆ. ಅಣು, ಪರಮಾಣು ಅಂದರೇನು ಅಂತ ಮತ್ತೆ ಹೇಳುವುದಿಲ್ಲ, ಅದೆಲ್ಲ ಹೈಸ್ಕೂಲಿನಲ್ಲೇ ಆಗಿದೆ.

ಪ್ರಶ್ನೆ: ಮೇಡಂ, ನಾನು ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ವಿಜ್ಞಾನದಲ್ಲಿ 90ರ ಮೇಲೆ ಬಂದಿತ್ತು. ಈಗ ಮೊದಲ ಪಾಠದ ಮೋಲ್ ಕಾನ್ಸೆಪ್ಟೇ ತಲೆಗೆ ಹತ್ತುತ್ತಿಲ್ಲ. ಸೂತ್ರ ಎಲ್ಲ ಬಾಯಿಪಾಠ ಆಗಿದೆ, ಲೆಕ್ಕ ಮಾತ್ರ ತಪ್ಪುತ್ತದೆ. ಕಾಮರ್ಸ್‌ಗೆ ಹೋಗಿಬಿಡಲಾ? (ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ)

ಬೇಡಮ್ಮ. ಒಂದು ಪಾಠಕ್ಕೆ ಹೆದರಿ ಕೋರ್ಸ್ ಬದಲಿಸಬೇಡ. ಎಲ್ಲಿ ತಪ್ಪಿದೆ ಅಂತ ನೀನೇ ಬರೆದಿದ್ದೀಯ: ಸೂತ್ರವನ್ನು ಮೊದಲು ಬಾಯಿಪಾಠ ಮಾಡಿದೆ. ‘ಐದೇ ನಿಮಿಷದಲ್ಲಿ ಮೋಲ್, ಮೂರೇ ಟ್ರಿಕ್’ ಅಂತ ವಿಡಿಯೋ ಮಾಡಿ ಮಾರುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಯಾವುದರಿಂದ ಯಾವುದನ್ನು ಭಾಗಿಸಬೇಕು ಅಂತ ಹೇಳುತ್ತಾರೆ, ಯಾಕೆ ಅಂತ ಹೇಳುವುದಿಲ್ಲ. ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿದರೂ ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ.

ಪುಸ್ತಕ ಮುಚ್ಚಿಟ್ಟು ಹಾರ್ಡ್‌ವೇರ್ ಅಂಗಡಿ ನೆನಪು ಮಾಡಿಕೋ. ಅಲ್ಲಿ ಮೊಳೆ ಎಣಿಸಿ ಕೊಡ್ತಾರಾ? ತೂಕ ಮಾಡಿ ಕೊಡ್ತಾರೆ. ಈಗ ನಿನಗೆ ನೂರು ಬೋಲ್ಟು ಬೇಕು, ಒಂದೊಂದು ಬೋಲ್ಟಿಗೂ ಎರಡೆರಡು ನಟ್ಟು ಬೇಕು. ಒಂದು ಬೋಲ್ಟು 16 ಗ್ರಾಂ, ಒಂದು ನಟ್ಟು 1 ಗ್ರಾಂ ಅಂದುಕೋ. ಎಣಿಸುವುದೇ ಬೇಡ: 1600 ಗ್ರಾಂ ಬೋಲ್ಟು, 200 ಗ್ರಾಂ ನಟ್ಟು ತೂಗಿಸಿಕೊಂಡರೆ ಲೆಕ್ಕ ಸರಿಹೋಗುತ್ತದೆ. ಎರಡೂ ಅರ್ಧರ್ಧ ಕೆಜಿ ಕೊಡಿ ಅಂದರೆ ಬೋಲ್ಟು ಬೇಗ ಮುಗಿದು ರಾಶಿ ನಟ್ಟು ಉಳಿಯುತ್ತದೆ, ಅಲ್ವಾ? ಆ ಬೋಲ್ಟೇ ಆಮ್ಲಜನಕ, ನಟ್ಟೇ ಹೈಡ್ರೋಜನ್, ಜೋಡಿಸಿದ್ದು ನೀರು. ತೂಕದಿಂದ ಎಣಿಸುವುದು, ಮೋಲ್ ಅಂದರೆ ಅಷ್ಟೇ.

ಪರಮಾಣುಗಳು ತೀರಾ ಸಣ್ಣವು, ಅದಕ್ಕೆ ಎಣಿಕೆಯ ಕಟ್ಟು ದೊಡ್ಡದು. ಬಾಳೆಹಣ್ಣಿಗೆ ಡಜನ್ ಅಂದರೆ 12. ಇಲ್ಲಿ ಮೋಲ್ ಅಂದರೆ 6022 ಬರೆದು ಮುಂದೆ ಇಪ್ಪತ್ತು ಸೊನ್ನೆ. ಇದೇ ಸಂಖ್ಯೆ ಯಾಕೆ? ಅಷ್ಟು ಪರಮಾಣು ತೆಗೆದುಕೊಂಡರೆ ಕೋಷ್ಟಕದಲ್ಲಿರುವ ಪರಮಾಣು ತೂಕವೇ ಗ್ರಾಂ ಲೆಕ್ಕದಲ್ಲಿ ಬಂದುಬಿಡುತ್ತದೆ, ಅದಕ್ಕೆ. ಹಳೇ ಗೈಡುಗಳಲ್ಲಿ ‘12 ಗ್ರಾಂ ಕಾರ್ಬನ್-12ರಲ್ಲಿರುವಷ್ಟು’ ಅಂತ ಇರುತ್ತದೆ. 2019ರ ಮೇ 20ರಿಂದ ಆ ಸಂಖ್ಯೆಯನ್ನೇ ಗೊತ್ತುಮಾಡಿ ವ್ಯಾಖ್ಯೆ ಬದಲಿಸಿದ್ದಾರೆ. ನಿನ್ನ ಲೆಕ್ಕಕ್ಕೆ ಇದರಿಂದ ಏನೂ ವ್ಯತ್ಯಾಸ ಆಗುವುದಿಲ್ಲ.

ಇವತ್ತು ಮನೆಯಲ್ಲಿ ಒಂದು ಕೆಲಸ ಮಾಡು. ಕೆಮ್ಮಿನ ಸಿರಪ್ ಜತೆ ಬರುವ ಅಳತೆ ಮುಚ್ಚಳದಲ್ಲಿ 18 ಎಂಎಲ್ ನೀರು ಅಳೆದು ಲೋಟಕ್ಕೆ ಹಾಕು. ಲೋಟದ ತಳ ಮುಚ್ಚಿದರೆ ಹೆಚ್ಚು. ಅದು ಒಂದು ಮೋಲ್ ನೀರು. ಪಕ್ಕದಲ್ಲಿ ಸಕ್ಕರೆ ಇಡು: ಒಂದು ಮೋಲ್‌ಗೆ 342 ಗ್ರಾಂ, ಕೆಜಿ ಪೊಟ್ಟಣದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಆ ಗುಟುಕು ನೀರಿನಲ್ಲೂ ಈ ಸಕ್ಕರೆ ಗುಡ್ಡೆಯಲ್ಲೂ ಅಣುಗಳ ಸಂಖ್ಯೆ ಒಂದೇ. ನಾನು ಕ್ಲಾಸಿನಲ್ಲಿ ಇವೆರಡನ್ನೂ ಮೇಜಿನ ಮೇಲಿಟ್ಟು ಎರಡು ನಿಮಿಷ ಸುಮ್ನೆ ನಿಲ್ಲುತ್ತೇನೆ. ಹಿಂದಿನ ಬೆಂಚಿನವರೂ ಎದ್ದು ಬಂದು ನೋಡುತ್ತಾರೆ.

ಈಗ ಲೆಕ್ಕ. 10 ಗ್ರಾಂ ಹೈಡ್ರೋಜನ್, 64 ಗ್ರಾಂ ಆಕ್ಸಿಜನ್ ಸೇರಿದರೆ ಎಷ್ಟು ನೀರು? ಅರ್ಧಕ್ಕರ್ಧ ಜನ ಎರಡನ್ನೂ ಕೂಡಿಸಿ 74 ಅಂತ ಬರೆಯುತ್ತಾರೆ. ತಾಳು, ಮೊದಲು ಎಣಿಸು. ಇಲ್ಲಿ ಎರಡೂ ಅನಿಲ, ಒಂದೊಂದು ಅಣುವಿನಲ್ಲೂ ಎರಡೆರಡು ಪರಮಾಣು. ಹೈಡ್ರೋಜನ್ ಅಣು 2 ಗ್ರಾಂ ಲೆಕ್ಕ, ಹಾಗಾಗಿ 5 ಮೋಲ್. ಆಕ್ಸಿಜನ್ 32ರ ಲೆಕ್ಕ, 2 ಮೋಲ್. ಒಂದು ಆಕ್ಸಿಜನ್‌ಗೆ ಎರಡು ಹೈಡ್ರೋಜನ್ ಬೇಕು. ಎರಡಕ್ಕೆ ನಾಲ್ಕು ಸಾಕು, ಒಂದು ಮೋಲ್ ಹೈಡ್ರೋಜನ್ ಉಳಿಯಿತು. ನೀರು 4 ಮೋಲ್, ಅಂದರೆ 72 ಗ್ರಾಂ. ಉಳಿದ 2 ಗ್ರಾಂ ಸೇರಿಸಿ ನೋಡು, 74 ಸಿಕ್ಕಿತಲ್ಲ! ಲಿಮಿಟಿಂಗ್ ರೀಏಜೆಂಟ್ ಅನ್ನುವ ದೊಡ್ಡ ಹೆಸರು ಬೇಗ ಮುಗಿದುಹೋದ ಆ ಬೋಲ್ಟಿಗೇ.

ಇನ್ನು ಇಂಗ್ಲಿಷ್. ನಿನ್ನ ಅರ್ಧ ಕಷ್ಟ ಅದೇ ಇರಬೇಕು. ಪ್ರಶ್ನೆಯನ್ನು ಪಕ್ಕದಲ್ಲಿ ಕನ್ನಡದಲ್ಲಿ ಒಂದು ಸಾಲು ಬರೆದುಕೋ: ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ. ಇದರಲ್ಲಿ ನಾಚಿಕೆಪಡುವುದು ಏನೂ ಇಲ್ಲ. ನಾನೂ ಕನ್ನಡ ಮೀಡಿಯಂನಿಂದಲೇ ಬಂದವಳು, ಡಿಗ್ರಿ ಮುಗಿಯುವವರೆಗೂ ಹೀಗೇ ಮಾಡಿದ್ದೇನೆ.

ಪ್ರಶ್ನೆ: ಅನಿಲದ ಒಂದು ಮೋಲ್ 22.4 ಲೀಟರೋ 22.7 ಲೀಟರೋ?

ಸೊನ್ನೆ ಡಿಗ್ರಿಯಲ್ಲಿ ಒತ್ತಡ 1 ಅಟ್ಮಾಸ್ಫಿಯರ್ ಆದರೆ 22.4, 1 ಬಾರ್ ಆದರೆ 22.7, ಪ್ರಶ್ನೆಯಲ್ಲಿ ಒತ್ತಡ ನೋಡಿ.

ಪ್ರಶ್ನೆ: 118 ಧಾತುಗಳನ್ನೂ ಬಾಯಿಪಾಠ ಮಾಡಬೇಕಾ?

ಬೇಡ, ಮೊದಲ 30 ಸಾಕು.

ಪ್ರಶ್ನೆ: ಮಗನಿಗೆ ನೆನಪಿನ ಶಕ್ತಿ ಹೆಚ್ಚಿಸುವ ಪುಡಿ ಕೊಡಿಸಬಹುದಾ? ಕೆಮಿಸ್ಟ್ರಿ ತಲೆಯಲ್ಲಿ ನಿಲ್ಲುವುದಿಲ್ಲ ಅಂತಾನೆ.

ಕೊಡಿಸಬೇಡಿ. ಆ ದುಡ್ಡಿಗೆ ಒಂದು ನೋಟ್‌ಬುಕ್ ಕೊಡಿಸಿ, ರಾತ್ರಿ ಬೇಗ ಮಲಗಿಸಿ.

ಪ್ರಶ್ನೆ: ಲ್ಯಾಬಿನಲ್ಲಿ ಪಿಪೆಟ್ (ದ್ರಾವಣ ಅಳೆದು ತೆಗೆಯುವ ಗಾಜಿನ ಕೊಳವೆ) ಬಾಯಲ್ಲಿ ಎಳೆಯಿರಿ, ಏನೂ ಆಗಲ್ಲ ಅಂತಾರೆ. ನಿಜವಾ?

ಸುಳ್ಳು. ಯಾರೇ ಹೇಳಲಿ, ಬಾಯಿ ಹಚ್ಚಬೇಡಿ. ನಾನು ಓದುವಾಗ ಪಕ್ಕದಲ್ಲಿ ನಿಂತಿದ್ದ ಹುಡುಗ ದುರ್ಬಲ ಆ್ಯಸಿಡ್ ಅಂತ ನಂಬಿ ಎಳೆದ. ದ್ರಾವಣ ಕಡಿಮೆ ಇತ್ತು, ಪಿಪೆಟ್ ತುದಿ ಮೇಲೆ ಬಂದು ಗಾಳಿ ಎಳೆಯಿತು, ಒಳಗಿದ್ದದ್ದು ಒಂದೇ ಸಲಕ್ಕೆ ಬಾಯಿಗೆ ನುಗ್ಗಿತು. ನಲ್ಲಿ ಕೆಳಗೆ ಬಾಯಿಟ್ಟು ತೊಳೆಯುತ್ತಲೇ ಇದ್ದ, ಎಷ್ಟೋ ದಿನ ಅನ್ನ ನುಂಗಲು ಒದ್ದಾಡಿದ. ರಬ್ಬರ್ ಬಲ್ಬ್ ಕೇಳಿ ಪಡೆಯಿರಿ. ಕಾಲೇಜಿನಲ್ಲಿ ಇಲ್ಲ ಅಂದರೆ ಪ್ರಿನ್ಸಿಪಾಲರಿಗೆ ಬರೆದು ಕೊಡಿ, ಅದು ಬರುವವರೆಗೆ ಅಳತೆ ಜಾಡಿಯಲ್ಲಿ ಮಾಡಿ. ಉತ್ತರ ಸ್ವಲ್ಪ ಹೆಚ್ಚುಕಮ್ಮಿ ಬಂದರೆ ಬರಲಿ, ನಾನಾಗಿದ್ದರೆ ಅದಕ್ಕೆ ಮಾರ್ಕ್ಸ್ ಕಳೆಯುವುದಿಲ್ಲ.