ತೊಗರಿಗೆ ಎರಡು ಸಚಿವಾಲಯ ಯಾಕೆ?

ಪತ್ರ: “ಕೇಂದ್ರ ಸರ್ಕಾರದ ಖರ್ಚು ಇಳಿಯಬೇಕಾದರೆ ನೌಕರರನ್ನು ಅರ್ಧಕ್ಕೆ ಇಳಿಸಲಿ. ಅಂಚೆ ಕಚೇರಿಯಲ್ಲೂ ಗುಮಾಸ್ತರ ದಂಡು. ಇದನ್ನು ಬರೆಯುವ ಧೈರ್ಯ ನಿಮಗಿದೆಯೇ?”
– ನಿವೃತ್ತ ಶಿಕ್ಷಕರು, ಸೇಡಂ

ಉತ್ತರ: ಧೈರ್ಯ ಇದೆ ಮಾಸ್ತರರೇ. ಸರ್ಕಾರ ಸಣ್ಣದಾಗಬೇಕೆಂಬ ನಿಮ್ಮ ಮಾತಿಗೆ ನಮ್ಮ ಪೂರ್ಣ ಸಮ್ಮತಿಯೂ ಇದೆ. ಲೆಕ್ಕದಲ್ಲಿ ಮಾತ್ರ ಎಡವಿದ್ದೀರಿ, ಅದೂ ಮಗ್ಗಿ ಕಲಿಸಿದವರು!

2025-26ರ ಕೇಂದ್ರ ಬಜೆಟ್ಟಿನ ಒಂದು ರೂಪಾಯಿಯಲ್ಲಿ ರಾಜ್ಯಗಳ ತೆರಿಗೆ ಪಾಲು 22 ಪೈಸೆ, ಸಾಲದ ಬಡ್ಡಿ 20, ರಕ್ಷಣೆ 8, ಪಿಂಚಣಿ 4. ಬಡ್ಡಿ ಕಟ್ಟದೆ ಬಿಡುವಂತಿಲ್ಲ, ರಾಜ್ಯಗಳ ಪಾಲು ಕೇಂದ್ರದ್ದೇ ಅಲ್ಲ. ಕತ್ತರಿ ಆಡಿಸಲು ಜಾಗ ಇರುವುದು ಕೇಂದ್ರ ತಾನೇ ನಡೆಸುವ ಯೋಜನೆಗಳ 16 ಪೈಸೆಯಲ್ಲಿ, ರಾಜ್ಯಗಳೊಡನೆ ಸೇರಿ ನಡೆಸುವವುಗಳ 8 ಪೈಸೆಯಲ್ಲಿ.

ನೌಕರರ ಕಡಿತ ಹೊಸ ವಿಚಾರವೂ ಅಲ್ಲ. 1997ರಲ್ಲಿ ಐದನೇ ವೇತನ ಆಯೋಗ ಸಂಬಳ ಹೆಚ್ಚಿಸಿ, ಹತ್ತು ವರ್ಷದಲ್ಲಿ ಸಿಬ್ಬಂದಿಯನ್ನು ಶೇ 30ರಷ್ಟು ಇಳಿಸಿ ಎಂದಿತ್ತು. ಸಂಬಳ ಏರಿತು, ಉಳಿದದ್ದು ಕಪಾಟು ಸೇರಿತು. ಆಮೇಲೆ ಆದದ್ದು ಭರ್ತಿ ಮಾಡದೆ ಬಿಡುವ ಕಳ್ಳದಾರಿ. 2021ರ ಮಾರ್ಚ್ 1ಕ್ಕೆ ಸುಮಾರು 40 ಲಕ್ಷ ಮಂಜೂರಾದ ಹುದ್ದೆಗಳಲ್ಲಿ 9.79 ಲಕ್ಷ ಖಾಲಿ, ಬಹುಪಾಲು ಗುಮಾಸ್ತರಂಥ ಕೆಳಹಂತದ ಗ್ರೂಪ್ ‘ಸಿ’. ಅಂದರೆ ನೀವು ಬೈಯುವ ಕಿಟಕಿಯ ಗುಮಾಸ್ತ ಆಗಲೇ ನಾಪತ್ತೆ.

ದುಂದು ಎಲ್ಲಿದೆ ನೋಡಬೇಕಾದರೆ ತೊಗರಿ ರಾಶಿಗೆ ಬನ್ನಿ. ಸರ್ಕಾರದ ಖರೀದಿ ಕೇಂದ್ರದಲ್ಲಿ ಕಾಳು ಜರಡಿಯಾಗಿ ತೇವ ಅಳೆಯುವ ಮೀಟರಿನ ಬಟ್ಟಲಿಗೆ ಬೀಳುತ್ತದೆ. ತೇವ ಶೇ 12 ದಾಟಿತೋ, ಚೀಲ ವಾಪಸ್. ನಿಯಮ ಸರಿಯೇ, ಹಸಿ ಕಾಳು ಗೋದಾಮಿನಲ್ಲಿ ಬೂಷ್ಟು ಹಿಡಿಯುತ್ತದೆ. ರೈತ ಮತ್ತೆ ಒಣಗಿಸಿ, ಮತ್ತೆ ಟಂಟಂ ಬಾಡಿಗೆ ಕೊಟ್ಟು ತರುತ್ತಾನೆ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಈ ಖರೀದಿ ಕೃಷಿ ಸಚಿವಾಲಯದ ಕೆಲಸ. ಬೇಳೆ ಅಗ್ಗವಾಗಿರಬೇಕೆಂಬ ಚಿಂತೆ ಗ್ರಾಹಕ ವ್ಯವಹಾರಗಳ ಸಚಿವಾಲಯದ್ದು. 2021ರ ಮೇ ತಿಂಗಳಲ್ಲಿ ಆಮದಿನ ಮಿತಿ ತೆಗೆದ ಮೇಲೆ ಮೊಜಾಂಬಿಕ್, ಮ್ಯಾನ್ಮಾರ್ ತೊಗರಿ ಧಾರಾಳವಾಗಿ ಬಂದರಿಗೆ ಬರುತ್ತಿದೆ. ಇದರಿಂದ ಗಂಜಿನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ದರ ಕುಸಿದರೆ ಬೆಂಬಲ ಬೆಲೆಯ ಖರೀದಿ, ಸಾಗಣೆ, ಗೋದಾಮಿನ ಬಾಡಿಗೆ, ಕೊನೆಗೆ ಅಗ್ಗಕ್ಕೆ ಮಾರಿದ ನಷ್ಟ ಎಲ್ಲವೂ ಖಜಾನೆಯ ತಲೆಗೆ. ಒಬ್ಬ ದರ ಇಳಿಸುತ್ತಾನೆ, ಇನ್ನೊಬ್ಬ ಎತ್ತುತ್ತಾನೆ, ಇಬ್ಬರಿಗೂ ಕೂಲಿ. ಗಂಜಿನ ದರ ಬೆಂಬಲ ಬೆಲೆಗಿಂತ ಕೆಳಗೆ ಬಂದ ದಿನವೇ ಆಮದು ಸುಂಕ ತಾನಾಗಿ ಏರುವಂತೆ ಕಟ್ಟಿದರೆ ಅರ್ಧ ಖರೀದಿಯೇ ಬೇಕಾಗದು.

ಇನ್ನು ರಾಜ್ಯಗಳೊಡನೆ ಸೇರಿ ನಡೆಸುವ ಜಂಟಿ ಯೋಜನೆಗಳು. ಬಡ ರಾಜ್ಯಗಳಿಗೆ ದಿಲ್ಲಿಯ ಆಸರೆ ಬೇಕು ಎನ್ನುವವರಿದ್ದಾರೆ. ಒಪ್ಪೋಣ, ಹಣ ಕಳಿಸಲಿ. ಆದರೆ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೃಷಿ ರಾಜ್ಯದ ವಿಷಯ. ಹಣದ ಬೆನ್ನಿಗೆ ಮಾರ್ಗಸೂಚಿ, ಪ್ರತ್ಯೇಕ ಲೆಕ್ಕ, ಹಣ ಬಳಸಿದ್ದಕ್ಕೆ ಪ್ರಮಾಣಪತ್ರ ಯಾಕೆ? 2016ರಲ್ಲಿ 66 ಜಂಟಿ ಯೋಜನೆಗಳನ್ನು 28 ‘ಕೊಡೆ’ ಯೋಜನೆಗಳ ಕೆಳಗೆ ತಂದರು. ಕೊಡೆ ಕಡಿಮೆಯಾದವು, ಕೆಳಗೆ ನಿಂತವರು ಅಷ್ಟೇ ಮಂದಿ. ವರ್ಷದ ಕೊನೆಗೆ ಖರ್ಚಿನ ನೂಕುನುಗ್ಗಲು ಸಲ್ಲದೆಂದು ಹಣಕಾಸು ನಿಯಮವೇ ಹೇಳುತ್ತದೆ. ದಿಲ್ಲಿಯ ಹಣದ ಕಂತು ತಡವಾಗಿ ಕೈಸೇರಿದ ತಾಲ್ಲೂಕು ಕಚೇರಿ ಮಾರ್ಚಿನಲ್ಲಿ ಬಿಲ್ ಬರೆಯದೆ ಇನ್ನೇನು ಮಾಡೀತು?

ಗುಮಾಸ್ತನ ಮೇಲಿನ ಸಿಟ್ಟು ಸದ್ಯ ಬದಿಗಿಡಿ, ಮಾಸ್ತರರೇ. ಈ ಸುಗ್ಗಿಯಲ್ಲಿ ನಿಮ್ಮೂರ ಖರೀದಿ ಕೇಂದ್ರದಿಂದ ಎಷ್ಟು ಚೀಲ ವಾಪಸಾದವು, ಅಂದು ಗಂಜಿನ ದರ ಎಷ್ಟಿತ್ತು ಎಂದು ಬರೆದು ಕಳಿಸಿ. ಅಚ್ಚು ಹಾಕುತ್ತೇವೆ.