ಅಪ್ಪನ ಕಾಲು ಊದಿದೆ, ಯಾವ ಡಾಕ್ಟರಿಗೆ ತೋರಿಸೋಣ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಪ್ಪನಿಗೆ 63 ವರ್ಷ. ಸಕ್ಕರೆ ಕಾಯಿಲೆಗೆ ಒಬ್ಬ ಡಾಕ್ಟರು, ಬಿಪಿಗೆ ಇನ್ನೊಬ್ಬರು, ಮಂಡಿ ನೋವಿಗೆ ಮೂಳೆ ಡಾಕ್ಟರು ನೋಡ್ತಿದ್ದಾರೆ. ಈಗ ಎರಡೂ ಪಾದ ಊದಿಕೊಂಡಿವೆ. ಕಿಡ್ನಿ ಡಾಕ್ಟರಿಗೆ ತೋರಿಸಿ ಅಂತ ಕೆಲವರು, ಹಾರ್ಟಿಗೆ ತೋರಿಸಿ ಅಂತ ಕೆಲವರು. ಬೆಂಗಳೂರಿಗೇ ಹೋಗಬೇಕಾ?
– ಓದುಗರೊಬ್ಬರು, ಬಾಗೇಪಲ್ಲಿ ತಾಲ್ಲೂಕು

ಉತ್ತರ: ಬೆಂಗಳೂರಿನ ಬಸ್ಸು ಹತ್ತುವ ಮೊದಲು ಚಿಕ್ಕಬಳ್ಳಾಪುರದಲ್ಲೇ ಒಬ್ಬ ಫಿಜಿಷಿಯನ್‌ಗೆ ತೋರಿಸಿ. ಬೋರ್ಡಿನಲ್ಲಿ ಎಂ.ಡಿ., ಜನರಲ್ ಮೆಡಿಸಿನ್ ಅಂತ ಬರೆದಿರುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲೂ ಈ ವಿಭಾಗ ಇದೆ. ಜ್ವರ, ನೆಗಡಿ ನೋಡೋರು ಅಷ್ಟೇ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಎಂಬಿಬಿಎಸ್ ಆದಮೇಲೆ ಇನ್ನೂ 3 ವರ್ಷ ದೊಡ್ಡವರ ಕಾಯಿಲೆಗಳನ್ನೇ ಓದಿ ಬಂದವರು ಇವರು. ನಾನೂ ಇದೇ ಕೆಲಸದವಳು. ಹೃದಯ, ಕಿಡ್ನಿ, ಲಿವರ್, ಸಕ್ಕರೆ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡೋದು ನಮ್ಮ ಕೆಲಸ.

ಹೃದಯ, ಕಿಡ್ನಿ, ಲಿವರ್ ಯಾವುದು ಸೋತರೂ ಕಾಲು ಊದಬಹುದು, ನಿಜ. ಆದರೆ ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಅನುಮಾನ ಬಂದದ್ದು ಮಾತ್ರೆಗಳ ಮೇಲೆ. ಬಿಪಿಗೆ ಕೊಡುವ ಆಮ್ಲೋಡಿಪಿನ್‌ನಿಂದಲೇ ಕೆಲವರ ಪಾದ ಊದುತ್ತದೆ. ಅದು ಗೊತ್ತಾಗದೆ ಊತ ಇಳಿಸಲು ಇನ್ನೊಂದು ಮಾತ್ರೆ ಸೇರಿಕೊಳ್ಳುತ್ತದೆ. ಮಂಡಿ ನೋವಿಗೆ ನುಂಗುವ ಡೈಕ್ಲೋಫೆನಾಕ್ ಮೈಯಲ್ಲಿ ಉಪ್ಪು, ನೀರು ನಿಲ್ಲಿಸಿ ಬಿಪಿ ಏರಿಸುತ್ತದೆ. ಬಿಪಿ ಇಳಿದಿಲ್ಲ ಅಂತ ಅತ್ತ ಬಿಪಿ ಮಾತ್ರೆ ಜಾಸ್ತಿಯಾಗುತ್ತದೆ. ಟೆಲ್ಮಿಸಾರ್ಟಾನ್ ಅನ್ನೋ ಬಿಪಿ ಮಾತ್ರೆ, ಮೂತ್ರ ಜಾಸ್ತಿ ಮಾಡುವ ಇನ್ನೊಂದು ಮಾತ್ರೆ, ಅದರ ಮೇಲೆ ಈ ನೋವಿನ ಮಾತ್ರೆ, ಮೂರೂ ಒಟ್ಟಿಗೆ ಬಿದ್ದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ಮೂವರು ಡಾಕ್ಟರೂ ಅವರವರ ಮಟ್ಟಿಗೆ ಸರಿಯಾಗೇ ಬರೆದಿರುತ್ತಾರೆ. ಮೂರು ಚೀಟಿಯನ್ನೂ ಪಕ್ಕಪಕ್ಕ ಇಟ್ಟು ಓದಿದವರು ಯಾರೂ ಇಲ್ಲ, ಅಲ್ವಾ?

ಅದಕ್ಕೇ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಳ್ಳಿ. ಮೆಡಿಕಲ್ ಸ್ಟೋರಿನಿಂದ ಚೀಟಿ ಇಲ್ಲದೆ ತಂದದ್ದು, ನಾಟಿ ಔಷಧಿ, ಯಾವುದನ್ನೂ ಬಿಡಬೇಡಿ. ಎದ್ದು ನಿಂತರೆ ತಲೆ ತಿರುಗುತ್ತೆ ಅಂತ ಒಬ್ಬರು ಅಜ್ಜಿ ಬಂದಿದ್ದರು. ಅವರ ಕವರನ್ನು ಟೇಬಲ್ ಮೇಲೆ ಸುರಿದರೆ ಅದೇ ಟೆಲ್ಮಿಸಾರ್ಟಾನ್ ಎರಡು ಕಂಪನಿ ಹೆಸರಲ್ಲಿ ಸಿಕ್ಕಿತು. ಬಿಳಿ ಮಾತ್ರೆ ಬೆಳಿಗ್ಗೆಗೆ, ಇನ್ನೊಂದು ರಾತ್ರಿಗೆ. ಹಾಗಂತ ನೀವಾಗಿ ಬಿಪಿ, ಸಕ್ಕರೆ ಮಾತ್ರೆ ನಿಲ್ಲಿಸಬೇಡಿ. ನೋವಿನ ಮಾತ್ರೆಯನ್ನು ಮಾತ್ರ ಇನ್ನು ಚೀಟಿ ಇಲ್ಲದೆ ತರಬೇಡಿ.

ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್, ಜೊತೆಗೆ ಇಸಿಜಿ, ಸುಮಾರು 3 ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಇವನ್ನು ಮೊದಲು ಮಾಡಿಸಬಹುದು. ಕಿಡ್ನಿಯದೋ ಹೃದಯದ್ದೋ ತೊಂದರೆ ಕಂಡರೆ ಅವರೇ ಸ್ಪೆಷಲಿಸ್ಟ್ ಹತ್ತಿರ ಕಳಿಸುತ್ತಾರೆ. ಅಲ್ಲಿ ಕೊಟ್ಟ ಚೀಟಿಯನ್ನು ವಾಪಸ್ ತಂದು ತೋರಿಸಿ, ಮರೀಬೇಡಿ.

ಇನ್ನೊಂದು ಮಾತು. ನಿಮ್ಮದು ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಇರುವ ಸೀಮೆ. ಲೀಟರಿಗೆ 1.5 ಮಿಲಿಗ್ರಾಂ ಮಿತಿ. ಅದಕ್ಕಿಂತ ತುಂಬ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದವರ ಕೀಲು, ಬೆನ್ನು ಬಿಗಿಯುತ್ತವೆ. ಕುಡಿಯೋ ನೀರು ಎಲ್ಲಿಯದು ಅಂತ ಕೇಳದೆ ನಾನು ಮಂಡಿ ನೋವಿಗೆ ಮಾತ್ರೆ ಬರೆಯೋದಿಲ್ಲ. ನಿಮ್ಮ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.

ಅಪ್ಪನಿಗೆ ಮಲಗಿದರೆ ಉಸಿರು ಕಟ್ಟಿದ ಹಾಗಾದರೆ, ಮೂತ್ರ ಕಡಿಮೆಯಾದರೆ, ಒಂದೇ ಕಾಲು ಜಾಸ್ತಿ ಊದಿ ನೋವು ಬಂದರೆ ಓಪಿಡಿಗೆ ಕಾಯಬೇಡಿ. ಆಗಲೇ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.