60 ಕಂಪ್ಯೂಟರ್, 60 ಥರ

ಪ್ರಶ್ನೆ: ನಾನು ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಇರುವ 60 ಮಷೀನ್‌ಗಳಿವೆ. ಸೆಮಿಸ್ಟರ್ ಶುರುವಿನಲ್ಲಿ ಎಲ್ಲದಕ್ಕೂ ಒಂದೇ ಸಾಫ್ಟ್‌ವೇರ್ ಹಾಕಿರುತ್ತೇನೆ. ಪರೀಕ್ಷೆ ಹೊತ್ತಿಗೆ ಒಂದೊಂದೂ ಒಂದೊಂದು ಥರ ಆಗಿರುತ್ತದೆ. ಪೆನ್‌ಡ್ರೈವ್ ಹಿಡಿದು ಓಡಾಡಿ ಸಾಕಾಗಿದೆ. ಏನು ಮಾಡಲಿ ಸರ್?
– ಲ್ಯಾಬ್ ಇನ್‌ಸ್ಟ್ರಕ್ಟರ್, ಬೆಂಗಳೂರು

ಉತ್ತರ: ಈ ಕಷ್ಟ ನಾನೂ ಪಟ್ಟಿದ್ದೇನೆ. ನಾನು ಲ್ಯಾಬ್ ನೋಡಿಕೊಳ್ಳುತ್ತಿದ್ದಾಗ, ಪರೀಕ್ಷೆಯ ದಿನ ಒಬ್ಬ ವಿದ್ಯಾರ್ಥಿನಿ ಕೈ ಎತ್ತಿದಳು. ಹಿಂದಿನ ವಾರ ಓಡಿದ್ದ ಪೈಥಾನ್ ಪ್ರೋಗ್ರಾಂ ಅವತ್ತು 'ಸಿಂಟ್ಯಾಕ್ಸ್ ಎರರ್' ಅನ್ನುತ್ತಿತ್ತು. ಅವಳು ಬರೆದದ್ದರಲ್ಲಿ ತಪ್ಪೇ ಇರಲಿಲ್ಲ. ಅವಳು ಬಳಸಿದ್ದ 'ಮ್ಯಾಚ್' ಅನ್ನುವ ಆದೇಶ ಬಂದದ್ದು ಪೈಥಾನ್ 3.10ರಲ್ಲಿ. ಅವಳಿಗೆ ಸಿಕ್ಕ ಮಷೀನ್ ಉಬುಂಟು 20.04ರಲ್ಲೇ ಉಳಿದುಬಿಟ್ಟಿತ್ತು, ಅದರಲ್ಲಿದ್ದದ್ದು ಪೈಥಾನ್ 3.8. ಬೇರೆ ಸೀಟಿಗೆ ಕೂರಿಸಿದೆವು, ಆದರೆ ಅವಳ ಸಮಯ ಹೋಯಿತಲ್ವಾ? ಹೊರಗಿಂದ ಬಂದ ಪರೀಕ್ಷಕರ ಎದುರಿಗೆ ಕಣ್ಣಲ್ಲಿ ನೀರು ತುಂಬಿಕೊಂಡು ಟೈಪ್ ಮಾಡುತ್ತಿದ್ದ ಆ ಹುಡುಗಿ ಇನ್ನೂ ನೆನಪಾಗುತ್ತಾಳೆ.

ಅದಕ್ಕೇ ಹೇಳುತ್ತೇನೆ, ಮಷೀನ್ ಮುಂದೆ ಕೂತು ಕೈಯಾರೆ ಸಾಫ್ಟ್‌ವೇರ್ ಹಾಕುವುದನ್ನು ಇವತ್ತೇ ನಿಲ್ಲಿಸಿ. ಒಂದೇ ಒಂದು ಮಷೀನ್‌ಗೆ ಬೇಕಾದರೂ ಬೇಡ. ಲ್ಯಾಬ್‌ಗೆ ಏನೇನು ಬೇಕು, ಯಾವ ವರ್ಷನ್ ಬೇಕು ಅನ್ನುವುದು ಒಂದು ಫೈಲಿನಲ್ಲಿರಲಿ. ಬದಲಾವಣೆ ಬಂದರೆ ಮೊದಲು ಆ ಫೈಲ್ ತಿದ್ದಿ.

ಇದಕ್ಕೆ ಆನ್ಸಿಬಲ್ ಅನ್ನುವ ಸಾಫ್ಟ್‌ವೇರ್ ಚೆನ್ನಾಗಿ ಒದಗುತ್ತದೆ. ದುಡ್ಡು ಕೊಡಬೇಕಾಗಿಲ್ಲ. ಲ್ಯಾಬ್ ಮಷೀನ್‌ಗಳಲ್ಲಿ ಎಸ್‌ಎಸ್‌ಎಚ್ (ದೂರದಿಂದಲೇ ಮಷೀನ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ವ್ಯವಸ್ಥೆ) ಮತ್ತು ಪೈಥಾನ್ ಇದ್ದರೆ ಸಾಕು. ನಿಮ್ಮ ಮೇಜಿನಿಂದ ಒಂದು ಕಮಾಂಡ್ ಕೊಟ್ಟರೆ ಅದು ಆ ಫೈಲ್ ಓದಿಕೊಂಡು 60 ಮಷೀನ್‌ಗೂ ಹೋಗಿ ನೋಡುತ್ತದೆ. ಸರಿ ಇದ್ದದ್ದನ್ನು ಮುಟ್ಟುವುದಿಲ್ಲ, ಇಲ್ಲದ್ದನ್ನು ಮಾತ್ರ ಹಾಕುತ್ತದೆ. ಕೊನೆಗೆ ಪಟ್ಟಿ ಕೊಡುತ್ತದೆ: ಎಲ್ಲಿ ಬದಲಾಯಿಸಿತು, ಎಲ್ಲಿ ಕೆಲಸ ಕೆಟ್ಟಿತು, ಯಾವುದು ಸಿಗಲೇ ಇಲ್ಲ ಅಂತ. ಈ 'ಸಿಗಲಿಲ್ಲ' ಸಾಲನ್ನು ದಯವಿಟ್ಟು ಬಿಡಬೇಡಿ. ಅವತ್ತು ಆಫ್ ಆಗಿದ್ದ ಮಷೀನೇ ಪರೀಕ್ಷೆ ದಿನ ಕೈಕೊಡುವುದು. ನನ್ನ ಲ್ಯಾಬ್‌ನಲ್ಲಿ ಆದದ್ದೂ ಅದೇ.

ಹೊಸದಾಗಿ ಎಲ್ಲ ತುಂಬಬೇಕಾದಾಗ ಕ್ಲೋನಿಂಗ್ ಒಳ್ಳೆಯದು, ಅಂದರೆ ಒಂದು ಮಷೀನ್‌ನ ಡಿಸ್ಕಿನ ಪೂರ್ತಿ ನಕಲು (ಇಮೇಜ್) ತೆಗೆದು ಉಳಿದವಕ್ಕೆ ಹಾಕುವುದು. ಕ್ಲೋನ್‌ಜಿಲ್ಲಾ ಅಥವಾ ಫಾಗ್, ಎರಡೂ ಉಚಿತ. ಆದರೆ ಮಲ್ಟಿಕಾಸ್ಟ್‌ನಲ್ಲೇ ಕಳಿಸಿ. 40 ಜಿಬಿ ಇಮೇಜನ್ನು ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ 60 ಮಷೀನ್‌ಗೆ ಬೇರೆ ಬೇರೆ ಕಳಿಸಿದರೆ ಆರು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಮಲ್ಟಿಕಾಸ್ಟ್‌ನಲ್ಲಿ ಒಮ್ಮೆ ಕಳಿಸಿದ್ದನ್ನು ಎಲ್ಲವೂ ಒಟ್ಟಿಗೆ ಹಿಡಿದುಕೊಳ್ಳುತ್ತವೆ. ಮೂಲೆಯಲ್ಲಿ ಹಳೇ 100 ಎಂಬಿಪಿಎಸ್ ಸ್ವಿಚ್ ಇದೆಯಾ ನೋಡಿ, ಅದೊಂದೇ ಎಲ್ಲರನ್ನೂ ನಿಧಾನ ಮಾಡಿಬಿಡುತ್ತದೆ. ಇಮೇಜ್ ತೆಗೆಯುವ ಮುಂಚೆ, ಮಷೀನ್‌ನ ಗುರುತಿನ ಸಂಖ್ಯೆ ಇರುವ ಮಷೀನ್-ಐಡಿ ಫೈಲನ್ನು ಖಾಲಿ ಮಾಡಿ. ಎಸ್‌ಎಸ್‌ಎಚ್‌ನಲ್ಲಿ ಮಷೀನನ್ನು ಗುರುತಿಸುವ ಹೋಸ್ಟ್ ಕೀಗಳನ್ನೂ ಪ್ರತಿ ಮಷೀನ್‌ನಲ್ಲಿ ಹೊಸದಾಗಿ ಮಾಡಿಸಿ. ಇಲ್ಲದಿದ್ದರೆ 60 ಮಷೀನ್‌ಗೂ ಒಂದೇ ಗುರುತು ಇರುತ್ತದೆ.

ಇನ್ನು, ಸೆಮಿಸ್ಟರ್ ನಡುವೆ ಕೆಡುವುದು ಯಾಕೆ? ಹೆಚ್ಚಾಗಿ ಅಡ್ಮಿನ್ ಪಾಸ್‌ವರ್ಡ್ ಎಲ್ಲರಿಗೂ ಗೊತ್ತಿರುತ್ತದೆ. ಅದನ್ನು ಬದಲಾಯಿಸಿ, ವಿದ್ಯಾರ್ಥಿಗಳ ಅಕೌಂಟಿಗೆ ಸುಡೋ (ಅಡ್ಮಿನ್ ಅಧಿಕಾರ) ಕೊಡಬೇಡಿ. ಪೈಥಾನ್ ಲೈಬ್ರರಿಗಳನ್ನು, ವರ್ಷನ್ ಸಮೇತ ನಮೂದಿಸಿ, ಅವರಿಗೆ ತಿದ್ದಲು ಬಾರದ ಒಂದು ವರ್ಚುವಲ್ ಎನ್ವಿರಾನ್‌ಮೆಂಟಿನಲ್ಲಿ (ಪೈಥಾನ್ ಲೈಬ್ರರಿಗಳಿಗೆ ಮಾಡಿದ ಪ್ರತ್ಯೇಕ ಫೋಲ್ಡರ್) ಇಡಿ. ಸ್ವಂತ ಪ್ರಯೋಗಕ್ಕೆ ಅವರವರ ಹೋಮ್ ಫೋಲ್ಡರ್ ಇದ್ದೇ ಇದೆ. ಉಬುಂಟು 'ಹೊಸ ಆವೃತ್ತಿ ಬಂದಿದೆ' ಅಂತ ಕೇಳುವುದನ್ನು ನಿಲ್ಲಿಸಿ, ರಿಲೀಸ್ ಅಪ್‌ಗ್ರೇಡ್ ಸೆಟ್ಟಿಂಗ್‌ನಲ್ಲಿ 'ನೆವರ್' ಹಾಕಿದರೆ ಆಯಿತು. ಸೆಕ್ಯುರಿಟಿ ಅಪ್‌ಡೇಟ್ ಮಾತ್ರ ಯಾವತ್ತೂ ನಿಲ್ಲಿಸಬೇಡಿ.

ಒಂದೇ ಸಲ 60ಕ್ಕೂ ಕೈ ಹಾಕಬೇಡಿ. ಈ ಶನಿವಾರ ಮಧ್ಯಾಹ್ನ ಲ್ಯಾಬ್ ಖಾಲಿ ಇರುವಾಗ ಮೂರು ಮಷೀನ್ ತೆಗೆದುಕೊಳ್ಳಿ. ಫೈಲ್ ಓಡಿಸಿ, ಆಮೇಲೆ ಒಂದರಲ್ಲಿ ಬೇಕಂತಲೇ ಏನಾದರೂ ಅನ್‌ಇನ್‌ಸ್ಟಾಲ್ ಮಾಡಿ, ಮತ್ತೆ ಓಡಿಸಿ. ಅದು ತಾನಾಗಿ ವಾಪಸ್ ಬಂದರೆ ಸೋಮವಾರ ಉಳಿದ 57ಕ್ಕೆ ಹೋಗಬಹುದು.